ರಾಮ್ಸ್‌ಗೇಟ್ ಬಂದರಿನ ತೂಬು

ಸಮುದ್ರಕ್ಕೆ ಅಡ್ಡ ಗೋಡೆ ಕಟ್ಟಿ ಅಲೆ ತಡೆದರೆ ಬಂದರು ಆಯಿತು ಅಂತ ಅಂದುಕೊಂಡಿರುತ್ತೇವೆ. ಅಲೆ ನಿಂತ ಕಡೆ ಕೆಸರೂ ನಿಲ್ಲುತ್ತದೆ ಅನ್ನುವುದು ಆಮೇಲೆ ಗೊತ್ತಾಗುವ ವಿಷಯ. ಇಂಗ್ಲೆಂಡಿನ ಕೆಂಟ್ ಕರಾವಳಿಯ ರಾಮ್ಸ್‌ಗೇಟ್ ಊರಿನವರು ಇದಕ್ಕೆ ಪರಿಹಾರ ಹುಡುಕಿ ಒಬ್ಬ ಒಳ್ಳೆಯ ಇಂಜಿನಿಯರನ್ನು ಕರೆಸುವಷ್ಟರಲ್ಲಿ ಇಪ್ಪತ್ತೈದು ವರ್ಷ ಕಳೆದಿತ್ತು.

ಮೊದಲು ಬಂದರು ಯಾಕೆ ಬೇಕಾಯಿತು ಅಂತ ನೋಡೋಣ. ಈ ಊರಿನ ದಕ್ಷಿಣಕ್ಕೆ ಸಮುದ್ರದೊಳಗೆ ಗುಡ್‌ವಿನ್ ಸ್ಯಾಂಡ್ಸ್ ಅನ್ನುವ ದೊಡ್ಡ ಮರಳ ದಿಬ್ಬ ಇದೆ. ಉಬ್ಬರದಲ್ಲಿ ಮುಳುಗಿ, ಇಳಿತದಲ್ಲಿ ತಲೆ ಎತ್ತುತ್ತದೆ. 1703ರ ಮಹಾ ಬಿರುಗಾಳಿಯಲ್ಲಿ ನಾಲ್ಕು ಯುದ್ಧನೌಕೆಗಳು ಇಲ್ಲಿ ಒಡೆದು ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. 1748ರ ಡಿಸೆಂಬರ್‌ನಲ್ಲಿ ಇನ್ನೊಂದು ಬಿರುಗಾಳಿ ಬಂದಾಗ ಹಲವು ಹಡಗುಗಳು ರಾಮ್ಸ್‌ಗೇಟಿನ ಸಣ್ಣ ಧಕ್ಕೆಯ ಮರೆಗೆ ಓಡಿಬಂದು ಉಳಿದುಕೊಂಡವು. ಮರುವರ್ಷವೇ ಪಾರ್ಲಿಮೆಂಟ್ ಕಾನೂನು ಮಾಡಿ ದೊಡ್ಡ ಬಂದರಿಗೆ ಒಪ್ಪಿಗೆ ಕೊಟ್ಟಿತು.

ಸಮುದ್ರದೊಳಕ್ಕೆ ಎರಡು ತೋಳು ಚಾಚಿದ ಹಾಗೆ ಕಲ್ಲಿನ ಗೋಡೆ ಎದ್ದವು. ನಡುವೆ ಬಂದರಿನ ಅಗಲ ಎಷ್ಟಿರಬೇಕು ಅಂತ ಜಗಳವಾಗಿ ಕೆಲಸ ವರ್ಷಗಟ್ಟಲೆ ನಿಂತಿತ್ತು. ಕೊನೆಗೂ ಗೋಡೆ ಆಯಿತು, ನೀರು ಶಾಂತವಾಯಿತು. ಆಗ ಶುರುವಾಯಿತು ನೋಡಿ ಅಸಲಿ ಕಥೆ! ಪ್ರತಿ ಉಬ್ಬರವೂ ಕೆಸರು ಬೆರೆತ ನೀರನ್ನು ಒಳಗೆ ತರುತ್ತಿತ್ತು. ಒಳಗೆ ಅಲೆ ಇಲ್ಲ, ಹಾಗಾಗಿ ಕೆಸರು ತಳಕ್ಕೆ ಇಳಿಯುತ್ತಿತ್ತು. ದೋಣಿಗಳಲ್ಲಿ ಹೂಳು ತುಂಬಿ ಹೊರಗೆ ಹಾಕುತ್ತಾ ಹೋದರು. ಎತ್ತಿದ್ದಕ್ಕಿಂತ ಬಂದಿದ್ದೇ ಹೆಚ್ಚು.

1774ರಲ್ಲಿ ಜಾನ್ ಸ್ಮೀಟನ್ ಬಂದ. ಸಿವಿಲ್ ಓದಿದ ಗೆಳೆಯರಿಗೆ ಹೆಸರು ಗೊತ್ತಿರಬಹುದು, ಎಡ್ಡಿಸ್ಟನ್ ದೀಪಸ್ತಂಭ ಕಟ್ಟಿದವನು, ತನ್ನನ್ನು 'ಸಿವಿಲ್ ಇಂಜಿನಿಯರ್' ಅಂತ ಕರೆದುಕೊಂಡ ಮೊದಲಿಗ. ಅವನ ಉಪಾಯ ಕೇಳಿದರೆ ನಮ್ಮ ಕೆರೆಯ ತೂಬು ನೆನಪಾಗುತ್ತದೆ. ಬಂದರಿನ ನಡುವೆ ಇನ್ನೊಂದು ಅಡ್ಡಗೋಡೆ ಕಟ್ಟಿ ಒಳಗೊಂದು ಕೊಳ ಮಾಡುವುದು. ಉಬ್ಬರದಲ್ಲಿ ಕೊಳ ತುಂಬಿಸಿ ಬಾಗಿಲು ಹಾಕುವುದು. ಇಳಿತದಲ್ಲಿ ಹೊರಗಿನ ನೀರು ತಗ್ಗಿದಾಗ ತೂಬು ಎತ್ತುವುದು. ನುಗ್ಗುವ ನೀರು ಹೊರ ಬಂದರಿನ ಹೂಳನ್ನು ಕಿತ್ತುಕೊಂಡು ಸಮುದ್ರಕ್ಕೆ ಹೋಗುತ್ತದೆ. ಕೆಸರು ತಂದ ಸಮುದ್ರದ ಕೈಯಲ್ಲೇ ಕಸ ಗುಡಿಸಿದ ಹಾಗೆ. 1779ರ ಹೊತ್ತಿಗೆ ಅಡ್ಡಗೋಡೆ ಮುಗಿಯಿತು, ಹೂಳೂ ಹೋಯಿತು.

ಆದರೆ ಒಂದು ಬಗ್ ಸರಿ ಮಾಡಿದರೆ ಇನ್ನೊಂದು ಹುಟ್ಟುವುದು ನಮ್ಮ ಸಾಫ್ಟ್‌ವೇರಿಗೆ ಮಾತ್ರ ಅಲ್ಲ :) ಈಗ ಹೊರ ಬಂದರಿನಲ್ಲಿ ಗಾಳಿ ಎದ್ದಾಗ ಹಡಗುಗಳು ಕುಲುಕಾಡತೊಡಗಿದವು. ಅದಕ್ಕಾಗಿ ಪೂರ್ವದ ಗೋಡೆಯನ್ನು ಇನ್ನಷ್ಟು ಮುಂದಕ್ಕೆ ಚಾಚಬೇಕಾಯಿತು. ನೀರಿನಡಿ ಕಲ್ಲು ಕೂರಿಸುವವರಿಗಾಗಿ ಸ್ಮೀಟನ್ ಎರಕದ ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಪಂಪಿನಿಂದ ಅದರೊಳಗೆ ಗಾಳಿ ತುಂಬಿಸಿದ. ಮೂರು ವರ್ಷದಲ್ಲಿ, 1792ರಲ್ಲಿ, ತೀರಿಕೊಂಡ.

ಬಂದರಿನ ಜೊತೆ ಊರೂ ಬೆಳೆಯಿತು. ಲಂಡನ್ನಿನ ಜನ ಸಮುದ್ರಸ್ನಾನಕ್ಕೆ ಬರತೊಡಗಿದರು. 1821ರಲ್ಲಿ ನಾಲ್ಕನೇ ಜಾರ್ಜ್ ಇಲ್ಲಿಂದಲೇ ಹಡಗು ಹತ್ತಿದ, ಊರಿನವರ ಉಪಚಾರಕ್ಕೆ ಮೆಚ್ಚಿ 'ರಾಯಲ್' ಬಂದರು ಅಂತ ಹೆಸರು ಕೊಟ್ಟ. 1842ರ ದೀಪಸ್ತಂಭದ ಮೇಲೆ ಮಾತ್ರ ರಾಜನ ಮಾತಿಲ್ಲ. 'ಕಷ್ಟದಲ್ಲಿರುವವರಿಗೆ ಆಶ್ರಯ' ಅನ್ನುವ ಅರ್ಥದ ಲ್ಯಾಟಿನ್ ಸಾಲಿದೆ. ಅದು ನಿಜವಾಗಿದ್ದು 1940ರಲ್ಲಿ. ಡನ್ಕರ್ಕ್‌ನಿಂದ ಸೈನಿಕರನ್ನು ಕರೆತರಲು ಹೊರಟ ಸಣ್ಣ ದೋಣಿ, ವಿಹಾರನೌಕೆಗಳು ಒಟ್ಟುಗೂಡಿದ ಮುಖ್ಯ ಜಾಗ ಇದೇ. ಮೇ 26ರಿಂದ ಜೂನ್ 4ರವರೆಗೆ ಒಟ್ಟು 3,38,226 ಜನ ಪಾರಾದರು, ಅವರಲ್ಲಿ ಸಾವಿರಾರು ಜನ ಇದೇ ಧಕ್ಕೆಗೆ ಇಳಿದರು.

ಬೆಲ್ಜಿಯಂಗೆ ಹೋಗುತ್ತಿದ್ದ ಫೆರಿ 2013ರಲ್ಲಿ ನಿಂತಿತು. ವಿಹಾರನೌಕೆಗಳು ಉಳಿದವು. ಅವುಗಳ ದಿನಚರಿ ಈಗಲೂ ಉಬ್ಬರ ಇಳಿತದ ಲೆಕ್ಕವೇ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಇಲ್ಲಿ ನೀರು ಸುಮಾರು ನಾಲ್ಕೂವರೆ ಮೀಟರ್ ಏರಿ ಇಳಿಯುತ್ತದೆ. ಹೊರಗೆ ಲಂಗರು ಹಾಕುವವನು ಇಳಿತದ ಎರಡು ಮೀಟರ್ ಆಳ ನೋಡಿ ಸರಪಳಿ ಬಿಟ್ಟರೆ ಕೆಟ್ಟ. ಉಬ್ಬರದಲ್ಲಿ ಆಳ ಆರೂವರೆ ಆಗುತ್ತದೆ, ಅದರ ನಾಲ್ಕರಷ್ಟು, ಅಂದರೆ 26 ಮೀಟರ್ ಸರಪಳಿ ಬೇಕು. ಮತ್ತೆ ನೀರು ಇಳಿದಾಗ ಅಷ್ಟೂ ಸರಪಳಿಯ ಸುತ್ತಳತೆಯಲ್ಲಿ ನೌಕೆ ತಿರುಗುತ್ತದೆ, ಪಕ್ಕದವರಿಗೆ ತಗಲದಷ್ಟು ಜಾಗ ಬಿಡಬೇಕು. ಕಲ್ಲುಗೋಡೆಗೆ ಬಿಗಿಯಾಗಿ ಕಟ್ಟಿದರೆ ಆರು ಗಂಟೆಯ ನಂತರ ನೌಕೆ ಹಗ್ಗದಲ್ಲಿ ನೇತಾಡುತ್ತಿರುತ್ತದೆ! ತೇಲುವ ಕಟ್ಟೆಗೆ ಕಟ್ಟಿದರೆ ಆ ಚಿಂತೆ ಇಲ್ಲ, ಅದೂ ನೀರಿನ ಜೊತೆ ಏರಿ ಇಳಿಯುತ್ತದೆ. ಒಳಗಿನ ಕೊಳಕ್ಕೆ ಹೋಗಬೇಕೆಂದರೆ ಮಾತ್ರ ಉಬ್ಬರದ ಹೊತ್ತಿಗೆ ಬಾಗಿಲು ತೆರೆಯುವವರೆಗೆ ಕಾಯಬೇಕು. ಆ ಕೊಳ ಹುಟ್ಟಿದ್ದು ಹೂಳು ತೊಳೆಯುವುದಕ್ಕೆ ಅನ್ನುವುದು ಅಲ್ಲಿ ನೌಕೆ ಕಟ್ಟಿ ಚಹಾ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಗೋಡೆ ಕಟ್ಟಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ದಿನಾ ತೂಬು ಎತ್ತಿದವರ ಹೆಸರು ಎಲ್ಲೂ ಇಲ್ಲ. ಬಂದರು ಉಳಿದದ್ದು ಇಬ್ಬರಿಂದಲೂ.

ಮಲ್ಪೆ, ಗಂಗೊಳ್ಳಿ ಕಡೆಯ ಗೆಳೆಯರು ಯಾರಾದರೂ ಓದುತ್ತಿದ್ದರೆ, ನಿಮ್ಮ ಅಳಿವೆಯ ಹೂಳಿನ ಕಥೆ ಏನು ಅಂತ ದಯವಿಟ್ಟು ಬರೆಯಿರಿ.