ಒಣಸೀಮೆಯ ದನಗಳು: ಅಳತೆಗೋಲು ಬದಲಾದ ಕಥೆ

ಇಂದಿಗೆ ಸುಮಾರು 4,200 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾವನ್ನು ದೀರ್ಘ ಬರ ಕಾಡಿತು. ಅಲ್ಲಿ ಸಿಕ್ಕ ಹಳೆಯ ದನದ ಮೂಳೆಗಳ ವಂಶವಾಹಿಯನ್ನು ಓದಿದ ವಿಜ್ಞಾನಿಗಳು 2019ರಲ್ಲಿ ಒಂದು ಸಂಗತಿ ಹೊರಗಿಟ್ಟರು. ಬರದ ನಂತರ ಅಲ್ಲಿನ ಹಿಣಿಲಿಲ್ಲದ ದನಗಳಲ್ಲಿ ಸಿಂಧೂ ಕಣಿವೆಯ ಹಿಣಿಲಿನ ದನಗಳ ರಕ್ತ ಬೇಗಬೇಗ ಬೆರೆತಿತ್ತು, ಅದೂ ಮುಖ್ಯವಾಗಿ ಹೋರಿಗಳ ಮೂಲಕ. ಬಿಸಿಲು ತಾಳಲೆಂದು ತಳಿ ಬೆರೆಸುವ ಬುದ್ಧಿ ಅಷ್ಟು ಹಳೆಯದು.

ನಮ್ಮಲ್ಲಿ ದನ ಬೆಳೆಸುವುದಕ್ಕೆ ಒಂದು ಇಲಾಖೆಯೇ ಇತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಆ ಇಲಾಖೆಯನ್ನು ಹೈದರಾಲಿ ಸೇನೆಯ ಬೆನ್ನೆಲುಬಾಗಿ ಬೆಳೆಸಿದ. ಟಿಪ್ಪು ಅದನ್ನು ಅಮೃತಮಹಲ್ ಎಂದು ಕರೆದು ನಿಯಮಗಳನ್ನು ಬರೆಸಿದ. ಹಳ್ಳಿಕಾರ್ ಮೂಲದ ಈ ದನಗಳು ಹಾಲಿಗಲ್ಲ, ಓಟಕ್ಕೆ ಮತ್ತು ಎಳೆತಕ್ಕೆ. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳಿಂದ ಎಂದು ಹಳೆಯ ಮೈಸೂರು ದಾಖಲೆಗಳು ಹೇಳುತ್ತವೆ. ನನಗೆ ಆ ಓಟಕ್ಕಿಂತ ಅದರ ಹಿಂದಿನ ಏರ್ಪಾಟು ದೊಡ್ಡದಾಗಿ ಕಾಣುತ್ತದೆ. ಬೇಸಿಗೆಗೆ ಒಂದು ಕಾವಲು, ಅಂದರೆ ಮೇವಿನ ಬಯಲು; ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು. ಹಿಂಡು ನೋಡಿಕೊಳ್ಳುವ ಸೇರ್ವೆಗಾರರು ಅವನ್ನು ಋತುವಿಗೆ ತಕ್ಕಂತೆ ಹೊಡೆದುಕೊಂಡು ಹೋಗುತ್ತಿದ್ದರು. ಬೇಸಿಗೆಯ ಕಾವಲೆಂದರೆ ಕೆರೆಯಂಗಳ, ನೆರಳು, ನೀರು ಇರುವ ಜಾಗ. ಕೊಟ್ಟಿಗೆಯಿಲ್ಲ, ಕೈಮೇವಿಲ್ಲ. ಅರೆಕಾಡು ಮೇವಿನಲ್ಲಿ ಬದುಕಿ ಉಳಿದದ್ದೇ ಮುಂದಿನ ಪೀಳಿಗೆ. ಆಯ್ಕೆಯ ಅರ್ಧ ಕೆಲಸ ನೆಲವೇ ಮಾಡುತ್ತಿತ್ತು.

1799ರಲ್ಲಿ ಟಿಪ್ಪು ಸತ್ತ ನಂತರ ಹಿಂಡುಗಳು ಬ್ರಿಟಿಷರ ಕೈಸೇರಿದವು. ಖರ್ಚು ಉಳಿಸಲೆಂದು 1860ರಲ್ಲಿ ಹಿಂಡುಗಳನ್ನೇ ಮಾರಿದರು. ಸೇನೆಗೆ ಒಳ್ಳೆಯ ಎತ್ತು ಸಿಗದಾದಾಗ 1866ರಲ್ಲಿ ಮತ್ತೆ ಕಟ್ಟತೊಡಗಿದರು. ಸರ್ಕಾರಗಳ ಉಳಿತಾಯ ಎಷ್ಟು ದುಬಾರಿ ಎಂಬುದಕ್ಕೆ ಈ ಆರು ವರ್ಷ ಸಾಕು.

ಉತ್ತರದ ಎರೆ ಭೂಮಿಯ ಲೆಕ್ಕ ಬೇರೆ. ಅಲ್ಲಿ ಓಟ ಬೇಡ, ಅಂಟು ಮಣ್ಣಿನಲ್ಲಿ ಕುಂಟದೆ ಎಳೆಯುವ ತೂಕ ಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸಾಂಗ್ಲಿ ಮತ್ತು ಸುತ್ತಲಿನ ಸಂಸ್ಥಾನಿಕರು ಗಿರ್, ಓಂಗೋಲ್, ಕಾಂಕ್ರೇಜ್ ರಕ್ತವನ್ನು ಸ್ಥಳೀಯ ದನಗಳಿಗೆ ಸೇರಿಸಿ ಕೃಷ್ಣಾ ಕಣಿವೆ ತಳಿಯನ್ನು ರೂಪಿಸಿದರು. ವಿಜಯಪುರ ಕಡೆಯ ಖಿಲ್ಲಾರಿ, ಬೀದರ್ ಕಡೆಯ ದೇವಣಿ ಇದೇ ಒಣಸೀಮೆಯವು. ಇವುಗಳಲ್ಲಿ ಗೇಯ್ಮೆ, ಹಾಲು ಎರಡಕ್ಕೂ ಒದಗುವುದು ದೇವಣಿ. ಟ್ರ್ಯಾಕ್ಟರ್ ಬಂದ ಮೇಲೆ ಎರೆ ನೆಲಕ್ಕೆಂದೇ ಹುಟ್ಟಿದ ಕೃಷ್ಣಾ ಕಣಿವೆ ತಳಿ ಎಲ್ಲಕ್ಕಿಂತ ಹೆಚ್ಚು ಸೊರಗಿತು.

ಅಷ್ಟರಲ್ಲಿ ಹೊರದೇಶಗಳು ಇದೇ ದನಗಳ ಬೆಲೆ ಅರಿತಿದ್ದವು. ಅಮೆರಿಕದ ಬ್ರಾಹ್ಮನ್ ತಳಿಗೆ ಗಿರ್, ಗುಜರಾತಿನ ಕಾಂಕ್ರೇಜ್, ಓಂಗೋಲ್ ಜೊತೆಗೆ ಕೃಷ್ಣಾ ಕಣಿವೆಯ ರಕ್ತವೂ ಹೋಗಿದೆ. ಬ್ರೆಜಿಲ್‌ನ ಮಾಂಸದ ಹಿಂಡುಗಳಲ್ಲಿ ಬಹುಪಾಲು ನಮ್ಮ ಓಂಗೋಲ್ ಸಂತತಿಯ ನೆಲೋರ್. ದಕ್ಷಿಣ ಆಫ್ರಿಕಾದ ಮಾರಾ ಕೇಂದ್ರದಲ್ಲಿ ಯಾನ್ ಬಾನ್ಸ್ಮಾ 1937ರಿಂದ ಆಫ್ರಿಕಾನರ್ ದನಕ್ಕೆ ಹೆರೆಫೋರ್ಡ್, ಶಾರ್ಟ್‌ಹಾರ್ನ್ ಬೆರೆಸಿ ಬಾನ್ಸ್ಮಾರಾ ತಳಿ ತಂದರು. ಅವರು ದನದ ಕೂದಲನ್ನು ಅಂಗೈಯಲ್ಲಿ ಒದ್ದೆ ಮಾಡಿ ಉಜ್ಜಿ ನೋಡುತ್ತಿದ್ದರು. ಉಣ್ಣೆಯಂತೆ ಗಂಟುಕಟ್ಟಿದರೆ ಆ ದನ ಬಿಸಿಲಿಗೆ ಆಗದು. ನುಣುಪಾದ ಗಿಡ್ಡ ಕೂದಲಿನದೇ ಬೇಕು.

ಬಿಸಿಲು ತಾಳುವುದರ ಕಾರಣವನ್ನು ಶರೀರಶಾಸ್ತ್ರ ಆಮೇಲೆ ವಿವರಿಸಿತು. ಹಿಣಿಲಿನ ದನಗಳ ಬೆವರುಗ್ರಂಥಿಗಳು ದೊಡ್ಡವು, ಚರ್ಮಕ್ಕೆ ಹತ್ತಿರದವು. ಒಳಗೆ ಹುಟ್ಟುವ ಶಾಖವೇ ಕಡಿಮೆ. ಕಣಿಕೆಯಂಥ ಸತ್ವವಿಲ್ಲದ ಮೇವಿನಲ್ಲೂ ಅವು ಮೈ ಉಳಿಸಿಕೊಳ್ಳುತ್ತವೆ. ಯುರೋಪಿನ ಹೋಲ್‌ಸ್ಟೀನ್ ಹಸು, ಶಾಖ ಮತ್ತು ತೇವ ಸೇರಿಸಿ ಲೆಕ್ಕಹಾಕುವ ಸೂಚ್ಯಂಕ 72 ದಾಟುತ್ತಿದ್ದಂತೆ ಸೊರಗತೊಡಗುತ್ತದೆ. ನಮ್ಮ ಬೇಸಿಗೆಯ ಬಹುತೇಕ ಮಧ್ಯಾಹ್ನಗಳು ಆ ಗೆರೆಯ ಮೇಲೆಯೇ ಇರುತ್ತವೆ.

ಆದರೂ ಸ್ವಾತಂತ್ರ್ಯಾನಂತರದ ನಮ್ಮ ಯೋಜನೆಗಳಿಗೆ ಅಳತೆಗೋಲು ಒಂದೇ: ಲೀಟರು. ಅದು ತಪ್ಪೆಂದು ಸುಲಭವಾಗಿ ಹೇಳಲಾಗದು, ದೇಶಕ್ಕೆ ಹಾಲು ಬೇಕಿತ್ತು. 1964ರ ಹೊತ್ತಿಗೆ ತೀವ್ರ ಜಾನುವಾರು ಅಭಿವೃದ್ಧಿ ಯೋಜನೆ, 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ, 1970ರಿಂದ ‘ಆಪರೇಷನ್ ಫ್ಲಡ್’ ಹಾಲು ಯೋಜನೆ. ಒಂದು ಸೂಲಿಗೆ ಐನೂರು, ಆರುನೂರು ಲೀಟರ್ ಕೊಡುವ ಹಳ್ಳಿಕಾರ್, ಅಮೃತಮಹಲ್‌ಗಳು ಈ ಪಂದ್ಯಕ್ಕೆ ಇಳಿಯುವ ಮೊದಲೇ ಸೋತಿದ್ದವು. ಎಷ್ಟು ಬಾರಿ ಗಬ್ಬವಾಯಿತು, ಎಷ್ಟು ವರ್ಷ ಬಾಳಿತು, ಬರಗಾಲದಲ್ಲಿ ಎಷ್ಟು ಸತ್ತವು, ಔಷಧಿಗೆ ಎಷ್ಟಾಯಿತು ಎಂಬುದನ್ನು ರೈತರ ಕೊಟ್ಟಿಗೆಯಲ್ಲಿ ಯಾರೂ ವ್ಯವಸ್ಥಿತವಾಗಿ ಬರೆಯಲಿಲ್ಲ. ಹಾಲಿಗೆಂದು ವಿದೇಶಿ ತಳಿ ಬೆರೆಸುತ್ತ ಹೋದಂತೆ, 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿ ದನಗಳು ಸುಮಾರು ಶೇ. 27 ಹೆಚ್ಚಾದವು, ನಾಟಿ ದನಗಳು ಶೇ. 6 ಕಡಿಮೆಯಾದವು.

ಈಗ ಗಾಳಿ ತಿರುಗುತ್ತಿದೆ. 2014ರ ರಾಷ್ಟ್ರೀಯ ಗೋಕುಲ ಮಿಷನ್ ದೇಸಿ ತಳಿಗಳನ್ನು ಮತ್ತೆ ಲೆಕ್ಕಕ್ಕೆ ತೆಗೆದುಕೊಂಡಿತು. 2021ರಲ್ಲಿ ದೇಸಿ ದನಗಳಿಗೆಂದೇ ‘ಇಂಡಿಗೌ’ ಎಂಬ ವಂಶವಾಹಿ ಚಿಪ್ ಹೈದರಾಬಾದಿನಿಂದ ಬಂತು. ಕೆರಿಬಿಯನ್ ದ್ವೀಪದ ಸೆನೆಪೋಲ್ ದನಗಳ ನುಣುಪು ಕೂದಲಿನ ವಂಶವಾಹಿಯ ಜಾಡು ಹಿಡಿದು ತಿದ್ದಿದ ದನಗಳಿಗೆ 2022ರಲ್ಲಿ ಅಮೆರಿಕದ ನಿಯಂತ್ರಕರು ಅಪಾಯ ಕಡಿಮೆ ಎಂದರು. ಬಾನ್ಸ್ಮಾ ಅಂಗೈಯಲ್ಲಿ ಉಜ್ಜಿ ಹುಡುಕಿದ್ದನ್ನೇ ಈಗ ಪ್ರಯೋಗಾಲಯ ವಂಶವಾಹಿಯ ಅಕ್ಷರಗಳಲ್ಲಿ ಹುಡುಕುತ್ತಿದೆ.

ಚಿಪ್ ತಾನಾಗಿ ಏನೂ ಹೇಳದು. ಹೋಲಿಸಿ ನೋಡಲು ಸಾವಿರಾರು ದನಗಳ ಜೀವನದ ದಾಖಲೆ ಬೇಕು. ಆ ದನಗಳು ನಿಲ್ಲಲು ನೆಲವೂ ಬೇಕು. ಹಳೆಯ ಕಾವಲುಗಳು ಸಾಗುವಳಿಗೆ, ಒತ್ತುವರಿಗೆ, ಯೋಜನೆಗಳಿಗೆ ಕರಗಿವೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಪಶುಸಂಗೋಪನಾ ಇಲಾಖೆ ಮತ್ತು ಹಾಲು ಒಕ್ಕೂಟಗಳು ಮಾಡಬಹುದಾದ ಮೊದಲ ಕೆಲಸಕ್ಕೆ ದೊಡ್ಡ ಖರ್ಚಿಲ್ಲ: ಹಾಲಿನ ಪುಸ್ತಕದ ಪಕ್ಕದಲ್ಲೇ ಸೂಲಿನ ಅಂತರ, ಆಯಸ್ಸು, ಬೇಸಿಗೆಯ ಸಾವುಗಳನ್ನೂ ಬರೆದಿಡಲಿ. ಉಳಿದಿರುವ ಕಾವಲುಗಳ ಗಡಿಯನ್ನು ಸರ್ಕಾರ ಇನ್ನಾದರೂ ಗುರುತಿಸಿ ದನಗಳಿಗೇ ಬಿಡಲಿ.