ಕತ್ತಿ ಮೇಲಿರೋ ಹೆಸರು ಯಾರದ್ದು?

ಇವತ್ತಿನ ಕಂತಿನಲ್ಲಿ ಮಾತಾಡೋದು ಹಳೇ ಕಾಲದ ಮಡಚುವ ಕ್ಷೌರದ ಕತ್ತಿಗಳ ಬಗ್ಗೆ. 19ನೇ ಶತಮಾನದಲ್ಲಿ ಇವಕ್ಕೆ ಹೆಸರಾಗಿದ್ದ ಊರುಗಳು ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗನ್. ಅಂಥದ್ದೊಂದು ಶೆಫೀಲ್ಡ್ ಕತ್ತಿ ಕೈಗೆ ಸಿಕ್ಕರೆ, ಅದರ ವಯಸ್ಸೆಷ್ಟು, ಮಾಡಿದ್ದು ಯಾರು ಅಂತ ಹೇಳಬಹುದಾ? ಮೊದಲನೇ ಪ್ರಶ್ನೆಗೆ ಉತ್ತರ ಸುಮಾರಾಗಿ ಸಿಗುತ್ತೆ. ಎರಡನೆಯದು ಅಷ್ಟು ಸುಲಭ ಅಲ್ಲ.

ಅಲಗು ಹಿಡಿಗೆ ಸೇರೋ ಜಾಗ ಇದೆಯಲ್ಲ, ಅಲ್ಲೇ ಮುದ್ರೆ ಒತ್ತಿರ್ತಾರೆ. ಕಿರೀಟದ ಜೊತೆ ‘ಜಿ ಆರ್’ ಅಂತಿದ್ದರೆ ಸಾಮಾನ್ಯವಾಗಿ ಜಾರ್ಜ್ ದೊರೆಗಳ ಕಾಲದ್ದು, ಅಂದ್ರೆ 1830ಕ್ಕಿಂತ ಹಿಂದಿನದು. ‘ಡಬ್ಲ್ಯೂ ಆರ್’ ಇದ್ದರೆ ನಾಲ್ಕನೇ ವಿಲಿಯಂ, 1830ರಿಂದ 1837. ‘ವಿ ಆರ್’ ಅಂದ್ರೆ ವಿಕ್ಟೋರಿಯಾ ರಾಣಿ, 1837ರಿಂದ 1901. ಇನ್ನು, 1890ರಲ್ಲಿ ಅಮೆರಿಕ ಮೆಕಿನ್ಲಿ ಸುಂಕ ಕಾಯ್ದೆ ತಂದು, ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತು. ಹಾಗಾಗಿ ‘ಇಂಗ್ಲೆಂಡ್’ ಅಂತ ಬರೆದಿದ್ದರೆ ಅದು ಹೆಚ್ಚಾಗಿ ಆಮೇಲಿನ ಕತ್ತಿ. ನಾನು ಓದಿದ್ದು ಬಿ.ಕಾಂ. ಆದರೆ ಸುಂಕದ ಕಾನೂನು ಹಿಡಿದು ಕತ್ತಿಯ ವಯಸ್ಸು ಹೇಳಬಹುದು ಅಂತ ನನಗೆ ಯಾರೂ ಪಾಠ ಮಾಡಿರಲಿಲ್ಲ!

ಮುದ್ರೆ ಸವೆದಿದ್ದರೆ ಆಕಾರ ನೋಡಿ. 18ನೇ ಶತಮಾನದ ಕತ್ತಿಗಳಿಗೆ, ತೆರೆಯುವಾಗ ಬೆರಳಿಡೋ ಬಾಲ ಇಲ್ಲವೇ ಇಲ್ಲ ಅನ್ನಬಹುದು. ಆಮೇಲೆ ಅದು ಉದ್ದ ಆಗ್ತಾ ಹೋಯ್ತು. ಹಳೆಯ ಅಲಗುಗಳು ದಪ್ಪ, ಅಡ್ಡಕ್ಕೆ ನೋಡಿದರೆ ಬೆಣೆಯ ಹಾಗೆ. 19ನೇ ಶತಮಾನದ ಕೊನೆಗೆ ಎರಡೂ ಬದಿ ಒಳಕ್ಕೆ ಸವೆಸಿದ ತೆಳು ಅಲಗುಗಳು ಬಂದವು. ಹಿಡಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಕೊಂಬು, ದಂತ, ಆಮೆಚಿಪ್ಪಿನ ಹಿಡಿ ಒಡೆದರೆ ಬೇರೆ ಹಾಕಿಸ್ತಿದ್ದರು. 1820ರ ಅಲಗಿಗೆ ಸೆಲ್ಯುಲಾಯ್ಡ್ ಹಿಡಿ ಇದ್ದರೆ ಅದು ಬದಲಾಗಿದೆ ಅಂತಲೇ ಅರ್ಥ, ಯಾಕಂದ್ರೆ ಆಗ ಸೆಲ್ಯುಲಾಯ್ಡ್ ಇರಲೇ ಇಲ್ಲ.

ಈಗ ಮಾಡಿದವರ ವಿಷಯಕ್ಕೆ ಬರೋಣ. ಶೆಫೀಲ್ಡಿನ ಕತ್ತಿ ತಯಾರಕರ ಸಂಘಕ್ಕೆ 1624ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿತ್ತು. ಮುದ್ರೆಗಳನ್ನು ನೋಂದಾಯಿಸ್ತಿದ್ದದ್ದು ಅದೇ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಕಂಡರೆ ಅದು ಜೋಸೆಫ್ ರಾಡ್ಜರ್ಸ್ ಕಂಪನಿಯದ್ದು. ಆದರೆ ಕಂಪನಿ ಹೆಸರು ಕುಶಲಕರ್ಮಿಯ ಹೆಸರಲ್ಲ. ಅಲಗು ಬಡಿಯೋನು ಒಬ್ಬ, ಸಾಣೆ ಹಿಡಿಯೋನು ಇನ್ನೊಬ್ಬ, ಹಿಡಿ ಕೂರಿಸೋನು ಮತ್ತೊಬ್ಬ. ಎಷ್ಟೋ ಜನ ಸಣ್ಣ ಬಾಡಿಗೆ ಜಾಗದಲ್ಲಿ ಕೂತು ದೊಡ್ಡ ಕಂಪನಿಗಳಿಗೆ ಕೆಲಸ ಮಾಡಿಕೊಡ್ತಿದ್ದರು.

ಇವರಲ್ಲಿ ಸಾಣೆಯವರ ಕಥೆ ಕೇಳಿ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಇಳಿದು ಅವರು ಸಾಯ್ತಿದ್ದರು. 19ನೇ ಶತಮಾನದ ಮೊದಲ ಭಾಗದಲ್ಲಿ ಶೆಫೀಲ್ಡಿನ ವೈದ್ಯ ಆರ್ನಾಲ್ಡ್ ನೈಟ್ ಕೊಟ್ಟ ಲೆಕ್ಕ ಹೀಗಿದೆ: ಒಣಗಲ್ಲಿನಲ್ಲಿ ಫೋರ್ಕ್ ಸಾಣೆ ಹಿಡಿಯೋರ ಆಯಸ್ಸು 28ರಿಂದ 32. ಒಣಗಲ್ಲು, ಒದ್ದೆಗಲ್ಲು ಎರಡರಲ್ಲೂ ಕೆಲಸ ಮಾಡೋ ಕ್ಷೌರದ ಕತ್ತಿಯವರದ್ದು 40ರಿಂದ 45. ಅಷ್ಟು ನುಣುಪಾದ ಅಲಗಿನ ಮೇಲೆ ಇವರ ಹೆಸರು ಎಲ್ಲೂ ಇಲ್ಲ.

ನಮ್ಮ ಕಡೆಯದ್ದೂ ಒಂದು ನಂಟಿದೆ. ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಜೇಮ್ಸ್ ಸ್ಟೋಡಾರ್ಟ್, ಭಾರತದ ‘ವೂಟ್ಸ್’ ಉಕ್ಕಿನಿಂದ ಕ್ಷೌರದ ಕತ್ತಿ ಮಾಡ್ತೀನಿ, ಯುರೋಪಿನ ಉಕ್ಕಿಗಿಂತ ಇದೇ ಮೇಲು ಅಂತ ತನ್ನ ಅಂಗಡಿಯ ಕಾರ್ಡಿನಲ್ಲೇ ಅಚ್ಚು ಹಾಕಿಸಿದ್ದ. ಮೈಕೇಲ್ ಫ್ಯಾರಡೆ 1819ರಲ್ಲಿ ಈ ಉಕ್ಕಿನ ವಿಶ್ಲೇಷಣೆ ಪ್ರಕಟಿಸಿ, ಮುಂದೆ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಬೆರೆಸಿ ನೋಡಿದ. ‘ವೂಟ್ಸ್’ ಅನ್ನೋ ಪದ ನಮ್ಮ ‘ಉಕ್ಕು’ವಿನಿಂದಲೇ ಹೋಗಿರಬೇಕು ಅಂತ ವಿದ್ವಾಂಸರು ಹೇಳ್ತಾರೆ. ಫ್ಯಾರಡೆ ಹೆಸರು ಉಳಿದಿದೆ, ಸ್ಟೋಡಾರ್ಟ್ ಹೆಸರೂ ಉಳಿದಿದೆ. ದಕ್ಷಿಣ ಭಾರತದಲ್ಲಿ ಮೂಸೆಯೊಳಗೆ ಆ ಉಕ್ಕು ಕರಗಿಸಿದವರಲ್ಲಿ ಒಬ್ಬರ ಹೆಸರೂ ನಮಗೆ ಸಿಗಲ್ಲ.

ಹಾಗಾಗಿ ಹರಾಜಿನ ಪಟ್ಟಿಯಲ್ಲಿ ‘ತಯಾರಕರು’ ಅಂತ ಒಂದು ಹೆಸರು ಕಂಡರೆ, ‘ಈ ಹೆಸರಲ್ಲಿ ಮಾರಿದ್ದು’ ಅಂತ ಓದಿಕೊಳ್ಳಿ. ಮುಂದಿನ ಕಂತಿನಲ್ಲಿ ಸಿಗೋಣ.