ಕೊನೆಯ ಸಾಲಿನ ಹಲಗೆ

ಮೂಡಬಿದಿರೆಯ ಚೌಟರ ಅರಮನೆಗೆ ಹೋದವರು ಮರದ ಕಂಬಗಳ ಮೇಲಿನ ನವನಾರೀಕುಂಜರ, ಪಂಚನಾರೀತುರಗಗಳನ್ನು ನೋಡಿ ಬೆರಗಾಗುತ್ತಾರೆ. ಆದರೆ ಹಳೆಯ ಮನೆಯ ಉಪ್ಪರಿಗೆ ಹತ್ತಿದಾಗ ಕಾಲಡಿಯ ಹಲಗೆಗಳನ್ನು ಗಮನಿಸುವವರು ಕಡಿಮೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಹಳೆಯ ದೊಡ್ಡ ಮನೆಗಳಲ್ಲಿ ಹಲಸು, ಹೆಬ್ಬಲಸು, ತೇಗದ ಹಲಗೆ ಹಾಸಿದ ಉಪ್ಪರಿಗೆ, ಅಟ್ಟಗಳನ್ನು ಕಾಣಬಹುದು. ಬೇಸಿಗೆಯಲ್ಲಿ ಹಲಗೆಗಳ ನಡುವೆ ಸಣ್ಣ ಸಂದು ಕಾಣುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅದೇ ಸಂದು ಕಿರಿದಾಗುತ್ತದೆ. ಇದಕ್ಕೆ ಕಾರಣವೇನು?

ಮರದ ಕೋಶಭಿತ್ತಿಯ ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್‌ಗಳಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿವೆ. ಇವು ಗಾಳಿಯಲ್ಲಿರುವ ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಆಗ ಕೋಶಭಿತ್ತಿ ಉಬ್ಬುತ್ತದೆ. ಹಲಗೆ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಸೀಮೆಯಲ್ಲಿ ಇದನ್ನು ಮರೆತು ಮರಗೆಲಸ ಮಾಡುವಂತಿಲ್ಲ.

ಉಪ್ಪರಿಗೆಯಲ್ಲಿ ಹಲಗೆಯಿದ್ದರೂ ಕೆಳಗಿನ ನೆಲ ಮಣ್ಣಿನದೇ ಆಗಿತ್ತು. ಸಗಣಿ ಸಾರಿಸಿದ ಆ ನೆಲದಲ್ಲಿ ಬಿರುಕು ಬಿಟ್ಟರೆ ಮತ್ತೊಮ್ಮೆ ಸಾರಿಸಿದರೆ ಮುಗಿಯಿತು. ಅಲ್ಲಿ ಸಾಲೂ ಇಲ್ಲ, ಕೊನೆಯ ಸಾಲಿನ ಚಿಂತೆಯೂ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಈ ಉದ್ಯಮಕ್ಕೆ ಆಧಾರವಾಯಿತು. ಮಾಡಿನ ಹೆಂಚಿನ ಜೊತೆಗೆ ನೆಲದ ಹೆಂಚುಗಳೂ ಬಂದವು. ಮುಂದೆ ಸಿಮೆಂಟಿನ ಕೆಂಪು ನೆಲ, ಆಮೇಲೆ ಟೈಲ್ಸ್ ಬಂದವು.

ಸುಟ್ಟ ಮಣ್ಣು ಗಾಳಿಯ ತೇವಕ್ಕೆ ಹಿಗ್ಗುವುದು ಮರಕ್ಕಿಂತ ಬಹಳ ಕಡಿಮೆ. ಆದ್ದರಿಂದ ಸಾಧಾರಣ ಕೋಣೆಯಲ್ಲಿ ಕೊನೆಯ ಹೆಂಚನ್ನು ಕತ್ತರಿಸಿ, ಗೋಡೆಗೆ ತಾಗುವಂತೆ ಕೂರಿಸಿ ಗಾರೆ ತುಂಬಿದರೂ ನಡೆಯುತ್ತಿತ್ತು. ಮೂಲೆಯಲ್ಲಿ ಸಂದು ಬಿಟ್ಟರೆ ಅದು ಕೆಟ್ಟ ಕೆಲಸ ಎಂಬ ಭಾವನೆ ಬೇರೂರಿತು.

ಇತ್ತ ಪಶ್ಚಿಮ ದೇಶಗಳಲ್ಲಿ ಬೇರೊಂದು ಕಥೆ ನಡೆದಿತ್ತು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ರಾಳವನ್ನು ತಯಾರಿಸಿದರು. 1912ರಲ್ಲಿ ಅಮೆರಿಕದ ಓಕಾನರ್ ಮತ್ತು ಫೇಬರ್ ಇಂಥ ರಾಳದಿಂದ ಪದರಗಳನ್ನು ಬೆಸೆದು, ವಿದ್ಯುತ್ ನಿರೋಧಕವಾಗಿ ಅಭ್ರಕದ ಬದಲು ಬಳಸಬಹುದಾದ ಹಾಳೆ ಮಾಡಿದರು. ಫಾರ್ಮೈಕ ಎಂಬ ಹೆಸರು ಬಂದದ್ದು ಹೀಗೆ. ಅದೇ ತತ್ತ್ವವನ್ನು 1977ರಲ್ಲಿ ಸ್ವೀಡನ್ನಿನ ಪೆರ್ಸ್ಟಾರ್ಪ್ ಕಂಪನಿ ನೆಲಕ್ಕೆ ಅಳವಡಿಸಿತು. 1990ರ ದಶಕದಲ್ಲಿ ಅಂಟಿಲ್ಲದೆ ಒಂದಕ್ಕೊಂದು ಸಿಕ್ಕಿಸುವ ಹಲಗೆಗಳು ಬಂದವು.

ಲ್ಯಾಮಿನೇಟ್ ಹಲಗೆಯ ಮೇಲೆ ಗೀರು ಬೀಳದ ಗಟ್ಟಿ ಪದರವಿದೆ. ಅದರ ಕೆಳಗೆ ಮರದ ಚಿತ್ರವಿರುವ ಕಾಗದವಿದೆ. ಒಳಗಿರುವುದು ಮಾತ್ರ ಮರದ ನಾರನ್ನು ರಾಳದೊಡನೆ ಒತ್ತಿ ಮಾಡಿದ ತಿರುಳು. ಅಂದರೆ ತೇವಕ್ಕೆ ಹಿಗ್ಗುವ ಗುಣ ಅಲ್ಲೇ ಉಳಿದಿದೆ! ಟೈಲ್ಸ್‌ನಂತೆ ಗೋಡೆಗೆ ಬಿಗಿಯಾಗಿ ಕೂರಿಸಿದರೆ ಮಳೆಗಾಲದಲ್ಲಿ ನೆಲ ನಡುವೆ ಉಬ್ಬಿ ಏಳುತ್ತದೆ. ಖರ್ಚು ಮಾಡಿದ ಹಣವೆಲ್ಲ ನೀರುಪಾಲು.

ಲೆಕ್ಕ ನೋಡೋಣ. 3 ಮೀಟರ್ ಅಗಲದ ನೆಲ ಶೇ. 0.3ರಷ್ಟು ಹಿಗ್ಗಿದರೆ 9 ಮಿ.ಮೀ. ಬೆಳೆಯುತ್ತದೆ. ಸುತ್ತಲೂ ಸುಮಾರು 10 ಮಿ.ಮೀ. ಸಂದು ಬಿಡುವುದು ಇದಕ್ಕಾಗಿಯೇ.

ಈಗ ಕೊನೆಯ ಸಾಲು. ಕೋಣೆಯ ಅಗಲ 2,930 ಮಿ.ಮೀ., ಹಲಗೆಯ ಅಗಲ 192 ಮಿ.ಮೀ. ಎಂದುಕೊಳ್ಳಿ. ಎರಡೂ ಕಡೆಯ ಸಂದು ಕಳೆದರೆ ಉಳಿಯುವುದು 2,910. ಇದರಲ್ಲಿ 15 ಪೂರ್ಣ ಹಲಗೆಗಳು 2,880 ಮಿ.ಮೀ. ಹಿಡಿಯುತ್ತವೆ. ಕೊನೆಗೆ ಬರುವುದು 30 ಮಿ.ಮೀ. ಸೀಳು. ಇಷ್ಟು ಸಣ್ಣ ಸೀಳು ಸರಿಯಾಗಿ ಸಿಕ್ಕಿಕೊಳ್ಳುವುದಿಲ್ಲ. ಅದು 50 ಮಿ.ಮೀ.ಗಿಂತ ಕಡಿಮೆ ಇರಬಾರದು. ಹಾಗಾದರೆ ಏನು ಮಾಡಬೇಕು? 192ಕ್ಕೆ 30 ಕೂಡಿಸಿ ಎರಡರಿಂದ ಭಾಗಿಸಿ. 111 ಬರುತ್ತದೆ. ಮೊದಲ ಮತ್ತು ಕೊನೆಯ ಸಾಲು ತಲಾ 111, ನಡುವೆ 14 ಪೂರ್ಣ ಹಲಗೆ. ಒಟ್ಟು 2,910! ಕೊನೆಯ ಸಾಲಿನ ಪ್ರಶ್ನೆಯನ್ನು ಮೊದಲ ಸಾಲಿನಲ್ಲೇ ಬಿಡಿಸಬೇಕು.

ಗೋಡೆಗಳು ನೇರವಾಗಿರುವುದು ಅಪರೂಪ. ಹಾಗಾಗಿ ಕೊನೆಯ ಸಾಲಿನ ಅಗಲವನ್ನು ಹಲವು ಕಡೆ ಅಳೆದು ಗುರುತು ಹಾಕಿ ಕತ್ತರಿಸಬೇಕು. ಸಂದನ್ನು ಮುಚ್ಚುವ ಪಟ್ಟಿಯನ್ನು ಗೋಡೆಗೆ ಹೊಡೆಯಬೇಕೇ ಹೊರತು ನೆಲಕ್ಕಲ್ಲ. ನೆಲ ಅದರಡಿ ಸರಿದಾಡಲು ಬಿಡಬೇಕು.

ಶಾಲೆಯಲ್ಲಿ ಇದನ್ನು ಪರೀಕ್ಷಿಸಬಹುದು. ಅಗಲವಾದ ಹಲಸಿನ ಹಲಗೆಯ ತುಂಡೊಂದನ್ನು ಏಪ್ರಿಲ್‌ನಲ್ಲಿ ಅಡ್ಡಕ್ಕೂ ಉದ್ದಕ್ಕೂ ಅಳೆದು ಬರೆದಿಡಿ. ಜುಲೈ ಕೊನೆಯಲ್ಲಿ ಮತ್ತೆ ಅಳೆಯಿರಿ. ಯಾವ ದಿಕ್ಕಿಗೆ ಬೆಳೆದಿದೆ? ಉಪ್ಪರಿಗೆಯ ಸಂದು ಕಿರಿದಾಗುವ ಕಾರಣ ನಿಮ್ಮ ಅಳತೆಯಲ್ಲೇ ಸಿಗುತ್ತದೆ.